ಗಾಜಿಗೆ ನಾಲ್ಕು ಆಯ್ಕೆ ಸಾಲುವುದಿಲ್ಲ

ಕಳೆದ ತಿಂಗಳ ಒಂದು ಭಾನುವಾರ, ನಾನು ಹೋಗುವ ಕೋಚಿಂಗ್ ಸೆಂಟರಿನ ಮಾದರಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ‘1971ರ ಯುದ್ಧದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಗಾಜಿಯನ್ನು ಮುಳುಗಿಸಿದ ಭಾರತದ ನೌಕೆ ಯಾವುದು?’ ಎ) ವಿಕ್ರಾಂತ್, ಬಿ) ರಜಪೂತ್, ಸಿ) ಖುಕ್ರಿ, ಡಿ) ಕರಂಜ್. ನಾನು ಬಿ ತುಂಬಿದೆ. ಕೀ ಉತ್ತರದಲ್ಲೂ ಬಿ ಎಂದೇ ಇತ್ತು. ಒಂದು ಅಂಕ ಬಂತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಧಾರವಾಡದ ಸಪ್ತಾಪುರದ ರೂಮಿನಲ್ಲಿ ನಾವು ಮೂವರಿದ್ದೇವೆ. ಗದಗಿನ ಗೆಳೆಯ ಡಿ ತುಂಬಿ ಕಾಲು ಅಂಕ ಕಳೆದುಕೊಂಡಿದ್ದ. ‘ಸಿನಿಮಾದಾಗ ನಮ್ಮ ಸಬ್‌ಮರೀನೇ ಹೊಡೀತೈತಿ, ನೀ ನೋಡೀಯಿಲ್ಲೇನು?’ ಎಂದು ಅವನ ವಾದ. ಮೂರನೆಯವ ಮೊಬೈಲಿನಿಂದ ತಲೆ ಎತ್ತದೆಯೇ, ‘ಯಾರೂ ಹೊಡದಿಲ್ಲ, ತಾನ ಸಿಡದೈತಿ’ ಎಂದ. ಯಾರು ಹೇಳಿದರು ಎಂದು ಕೇಳಿದರೆ ಒಂದು ವಿಡಿಯೊ ತೋರಿಸಿದ. ಮರುದಿನ ಸರ್ ಹತ್ತಿರ ಹೋದೆವು. ಅವರು ನಕ್ಕು, ‘ಪರೀಕ್ಷಾದಾಗ ಬಂದ್ರ ರಜಪೂತ್ ತುಂಬ್ರಿ. ಉಳದದ್ದು ನೌಕರಿ ಸಿಕ್ಕ ಮ್ಯಾಲೆ ಓದ್ರಿ’ ಎಂದರು.

ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಅವರಿಗೆ ಸಿಲೆಬಸ್ ಮುಗಿಸಬೇಕು, ನಮಗೆ ಕಟ್ ಆಫ್ ದಾಟಬೇಕು. ಆದರೂ ನನಗೆ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೊಂದು ಕಾರಣವಿದೆ. ಎರಡು ವರ್ಷದ ಹಿಂದೆ ಒಂದು ನೇಮಕಾತಿ ಪರೀಕ್ಷೆಗೆ ನನಗೆ ಕೇಂದ್ರ ಸಿಕ್ಕಿದ್ದು ವಿಶಾಖಪಟ್ಟಣದಲ್ಲಿ. ಅಷ್ಟು ದೂರ ಯಾಕೆ ಹಾಕಿದರೋ, ಆ ದೇವರಿಗೇ ಗೊತ್ತು. ಪರೀಕ್ಷೆ ಬೆಳಗಿನ ಪಾಳಿಯಲ್ಲಿ ಮುಗಿಯಿತು, ರೈಲು ರಾತ್ರಿಗೆ. ನಡುವಿನ ಹೊತ್ತಿನಲ್ಲಿ ಆರ್‌.ಕೆ. ಬೀಚಿಗೆ ಹೋದೆ. ಅಲ್ಲಿ ಮರಳಿನ ಮೇಲೆ ‘ಐಎನ್‌ಎಸ್ ಕುರ್ಸುರ’ ಎಂಬ ನಿಜವಾದ ಜಲಾಂತರ್ಗಾಮಿಯನ್ನು ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿದ್ದು, 2001ರಲ್ಲಿ ನಿವೃತ್ತಿಯಾದದ್ದು. ಟಿಕೆಟ್ ತೆಗೆದುಕೊಂಡು ಒಳಗೆ ಹೋದೆ.

ಒಳಗೆ ಹೋದವರಿಗೆ ಗೊತ್ತು, ಸುಮಾರು 90 ಮೀಟರ್ ಉದ್ದದ ಆ ಕೊಳವೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ದಾರಿ ಬಿಡಬೇಕಾದರೆ ಗೋಡೆಗೆ ಆತುಕೊಳ್ಳಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ದುಂಡಗಿದೆ. ಮೊದಲು ಒಂದು ಕಾಲು ದಾಟಿಸಿ, ಆಮೇಲೆ ತಲೆ ಬಗ್ಗಿಸಿ, ಕೊನೆಗೆ ಇನ್ನೊಂದು ಕಾಲು ಎಳೆದುಕೊಳ್ಳಬೇಕು. ಮಲಗುವ ಹಲಗೆಗಳು ಟಾರ್ಪಿಡೊಗಳ ಪಕ್ಕದಲ್ಲೇ ಇವೆ. ಅಲ್ಲಿ ವಿವರಣೆ ಕೊಡುತ್ತಿದ್ದ ನಿವೃತ್ತ ನಾವಿಕರೊಬ್ಬರು ಆ ಹಲಗೆ ತೋರಿಸಿ, ಒಬ್ಬ ಎದ್ದು ಡ್ಯೂಟಿಗೆ ಹೋದ ಮೇಲೆ ಅದೇ ಹಲಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದ ಎಂದರು. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲೇ ಹತ್ತಿರದಲ್ಲಿ 1971ರ ಗೆಲುವಿನ ಸ್ಮಾರಕವಿದೆ. ಅದರ ಎದುರಿಗೆ ಕಾಣುವ ಸಮುದ್ರದ ತಳದಲ್ಲೇ ಗಾಜಿ ಇನ್ನೂ ಬಿದ್ದಿದೆ, 90ಕ್ಕೂ ಹೆಚ್ಚು ಜನರ ಸಮಾಧಿಯಾಗಿ. ಇಷ್ಟೆಲ್ಲ ನೋಡಿ ಬಂದವನಿಗೆ ‘ಬಿ’ ಎಂದು ತುಂಬಿ ಮುಂದಿನ ಪ್ರಶ್ನೆಗೆ ಹೋಗುವುದು ಯಾಕೋ ಸರಿ ಕಾಣಲಿಲ್ಲ. ಲೈಬ್ರರಿಯಲ್ಲಿ ಕುಳಿತು ಓದತೊಡಗಿದೆ. ಓದಿದಷ್ಟೂ ಪ್ರಶ್ನೆ ದೊಡ್ಡದಾಯಿತು.

ಗಾಜಿ ಪಾಕಿಸ್ತಾನದಲ್ಲಿ ಹುಟ್ಟಿದ್ದಲ್ಲ. ಅದರ ಮೊದಲ ಹೆಸರು ‘ಡಯಾಬ್ಲೊ’. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಸೈತಾನ ಎಂದರ್ಥ. ಅಮೆರಿಕದವರು ಆಗ ಜಲಾಂತರ್ಗಾಮಿಗಳಿಗೆ ಮೀನಿನ ಹೆಸರಿಡುತ್ತಿದ್ದರು, ಇದಕ್ಕೆ ಸಿಕ್ಕಿದ್ದು ಸೈತಾನ ಮೀನಿನ ಹೆಸರು. ಮುಂದೆ ಅದೇ ಹಡಗು ‘ಗಾಜಿ’ ಆಯಿತು, ಅಂದರೆ ಧರ್ಮಕ್ಕಾಗಿ ಹೋರಾಡುವ ಯೋಧ. ಒಂದು ಗೆಜೆಟ್ ನೋಟಿಫಿಕೇಷನ್ನಿಗೆ ಎಷ್ಟು ಶಕ್ತಿ ನೋಡಿ.

ಅಮೆರಿಕದ ಪೋರ್ಟ್ಸ್‌ಮತ್ ನೌಕಾ ಕಾರ್ಖಾನೆಯಲ್ಲಿ ಕಟ್ಟಿದ ಡಯಾಬ್ಲೊ ನೀರಿಗಿಳಿದದ್ದು 1944ರ ಡಿಸೆಂಬರ್ 1ರಂದು, ಸೇವೆಗೆ ಸೇರಿದ್ದು 1945ರ ಮಾರ್ಚ್ 31ರಂದು. ಟೆಂಚ್ ವರ್ಗ ಎಂದು ಕರೆಯುವ, ಆ ಯುದ್ಧಕಾಲದಲ್ಲಿ ಅಮೆರಿಕ ಕಟ್ಟಿದ ಅತ್ಯುತ್ತಮ ಜಲಾಂತರ್ಗಾಮಿಗಳ ಸಾಲಿಗೆ ಅದು ಸೇರಿತ್ತು. ಉದ್ದ 95 ಮೀಟರ್, ಮುಂದೆ ಆರು ಹಿಂದೆ ನಾಲ್ಕು ಟಾರ್ಪಿಡೊ ಕೊಳವೆಗಳು. ಪೆಸಿಫಿಕ್ ಸಾಗರ ದಾಟಿ ಜಪಾನಿನವರೆಗೆ ಹೋಗಿ ಕಾದಾಡಿ ಬರಬೇಕಾದ ಹಡಗಾದ್ದರಿಂದ ಅದರ ಹೊಟ್ಟೆಯಲ್ಲಿ ಸಾವಿರಾರು ಮೈಲಿಗೆ ಸಾಲುವಷ್ಟು ಇಂಧನ ಹಿಡಿಯುತ್ತಿತ್ತು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪರ್ಲ್ ಹಾರ್ಬರಿನಿಂದ ಅದು ಮೊದಲ ಯುದ್ಧ ಗಸ್ತಿಗೆ ಹೊರಟದ್ದು 1945ರ ಆಗಸ್ಟ್ 10ರಂದು. ನಾಗಸಾಕಿಯ ಮೇಲೆ ಬಾಂಬ್ ಬಿದ್ದ ಮರುದಿನ. ಐದು ದಿನದಲ್ಲಿ ಜಪಾನ್ ಶರಣಾಗತಿ ಘೋಷಿಸಿತು. ಡಯಾಬ್ಲೊ ದಾರಿ ಬದಲಿಸಿ ಗುವಾಮ್ ದ್ವೀಪಕ್ಕೆ ಹೋಯಿತು. ಹಾಲ್ ಟಿಕೆಟ್ ಬಂದ ಮೇಲೆ ನೇಮಕಾತಿಯೇ ರದ್ದಾದರೆ ಹೇಗಿರುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. ಆಮೇಲಿನ ಸುಮಾರು 19 ವರ್ಷ ಅದು ತರಬೇತಿ, ಅಭ್ಯಾಸ, ಪ್ರದರ್ಶನ ಯಾತ್ರೆಗಳಲ್ಲಿ ಕಳೆಯಿತು. ಯುದ್ಧಕ್ಕೆಂದು ಕಟ್ಟಿದ ಹಡಗು ಅಮೆರಿಕದ ಬಾವುಟದ ಕೆಳಗೆ ಯುದ್ಧ ಮಾಡಲೇ ಇಲ್ಲ.

ಇಲ್ಲಿ ಡೀಸೆಲ್ ಜಲಾಂತರ್ಗಾಮಿ ಹೇಗೆ ಓಡುತ್ತದೆ ಎಂಬುದನ್ನು ಹೇಳಲೇಬೇಕು, ಮುಂದಿನ ಜಗಳವೆಲ್ಲ ಅದರ ಮೇಲೇ ನಿಂತಿದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕು, ನೀರಿನೊಳಗೆ ಗಾಳಿ ಎಲ್ಲಿ? ಹಾಗಾಗಿ ಮೇಲೆ ಬಂದಾಗ, ಇಲ್ಲವೇ ಸ್ನಾರ್ಕೆಲ್ ಎಂಬ ಕೊಳವೆಯನ್ನಷ್ಟೇ ನೀರಿನ ಮೇಲೆ ಚಾಚಿಕೊಂಡು, ಎಂಜಿನ್ ಓಡಿಸಿ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುತ್ತದೆ. ಮುಳುಗಿದಾಗ ಆ ಬ್ಯಾಟರಿಯಿಂದ ಮೋಟರ್ ತಿರುಗುತ್ತದೆ. ಡಯಾಬ್ಲೊ ವರ್ಗದ ಹಡಗಿನಲ್ಲಿ ಇಂಥ 252 ಸೆಲ್‌ಗಳಿದ್ದವು. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿಯ ಹಾಗೆ ಚಾರ್ಜ್ ಆಗುವಾಗ ಅವೂ ಹೈಡ್ರೋಜನ್ ಬಿಡುತ್ತವೆ. ಮನೆಯಲ್ಲಾದರೆ ಕಿಟಕಿ ತೆರೆಯಬಹುದು. ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಆ ಅನಿಲ ತುಂಬಿಕೊಂಡರೆ ಒಂದು ಕಿಡಿ ಸಾಕು.

1964ರ ಜೂನ್ 1ರಂದು ಅಮೆರಿಕ ಇದನ್ನು ನಾಲ್ಕು ವರ್ಷದ ಲೀಸ್ ಮೇಲೆ ಪಾಕಿಸ್ತಾನಕ್ಕೆ ಕೊಟ್ಟಿತು. ಆಗ ಭಾರತದ ಬಳಿ ಒಂದೂ ಜಲಾಂತರ್ಗಾಮಿ ಇರಲಿಲ್ಲ, ನಮ್ಮ ಮೊದಲ ‘ಕಲ್ವರಿ’ ಬಂದದ್ದು 1967ರ ಡಿಸೆಂಬರಿನಲ್ಲಿ. ಹಾಗಾಗಿ 1965ರ ಯುದ್ಧದಲ್ಲಿ ಎರಡೂ ದೇಶ ಸೇರಿ ಇದ್ದದ್ದು ಈ ಒಂದೇ ಜಲಾಂತರ್ಗಾಮಿ. ಆ ಯುದ್ಧದ ಕೊನೆಯಲ್ಲಿ ಒಂದು ಪ್ರಸಂಗ ನಡೆಯಿತು. ನಮ್ಮ ‘ಬ್ರಹ್ಮಪುತ್ರ’ ನೌಕೆಗೆ ಗಾಜಿ ಟಾರ್ಪಿಡೊ ಹೊಡೆದಿದೆ ಎಂದು ಪಾಕಿಸ್ತಾನ ಹೇಳಿಕೊಂಡಿತು. ಗಾಜಿಯ ಸಿಬ್ಬಂದಿಗೆ ಶೌರ್ಯ ಪದಕಗಳೂ ಸಿಕ್ಕವು. ಬ್ರಹ್ಮಪುತ್ರ ಮಾತ್ರ ಒಂದು ಗೀರೂ ಇಲ್ಲದೆ ಮುಂಬೈ ಬಂದರಿನಲ್ಲಿ ಎಲ್ಲರ ಕಣ್ಣೆದುರು ನಿಂತಿತ್ತು, 1980ರ ದಶಕದವರೆಗೂ ಸೇವೆಯಲ್ಲಿತ್ತು. ಇದನ್ನು ಓದುವಾಗ ನಾನು ಖುಷಿಯಿಂದ ನಕ್ಕೆ. ಪಕ್ಕದವರ ಮನೆಯ ಉತ್ಪ್ರೇಕ್ಷೆ ನಮಗೆ ಬೇಗ ಕಾಣುತ್ತದೆ. ಆ ನಗು 1971ರ ಅಧ್ಯಾಯಕ್ಕೆ ಬಂದಾಗ ಅರ್ಧಕ್ಕೆ ನಿಂತಿತು.

1965ರ ಯುದ್ಧದ ಕಾರಣಕ್ಕೆ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರಾಸ್ತ್ರ ಕೊಡುವುದನ್ನು ನಿಲ್ಲಿಸಿತು. ಗಾಜಿಗೆ ದೊಡ್ಡ ರಿಪೇರಿ ಬೇಕಿತ್ತು. ಕೊನೆಗೆ ಅದೇ ಬಗೆಯ ಅಮೆರಿಕದ ಹಳೇ ಜಲಾಂತರ್ಗಾಮಿಗಳಿದ್ದ ಟರ್ಕಿಯೇ ಗತಿಯಾಯಿತು. 1967ರ ಅರಬ್–ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿಹೋಗಿತ್ತು. ಒಂದು ಸರ್ವಿಸಿಂಗ್‌ಗಾಗಿ ಇಡೀ ಆಫ್ರಿಕಾ ಖಂಡವನ್ನು ಸುತ್ತು ಹಾಕಬೇಕಾಯಿತು. ಗೋಲ್ಚುಕ್‌ನ ಕಾರ್ಖಾನೆಯಲ್ಲಿ ದುರಸ್ತಿ ಮುಗಿಸಿ 1970ರಲ್ಲಿ ಕರಾಚಿಗೆ ಮರಳಿತು. ಅಷ್ಟರಲ್ಲಿ ಪಾಕಿಸ್ತಾನಕ್ಕೆ ಫ್ರಾನ್ಸಿನಿಂದ ಡಾಫ್ನೆ ವರ್ಗದ ಮೂರು ಹೊಸ ಜಲಾಂತರ್ಗಾಮಿಗಳು ಬಂದಿದ್ದವು. ಹಳೆಯ ಗಾಜಿ ಇನ್ನು ವಿಶ್ರಾಂತಿ ಪಡೆಯಬಹುದಿತ್ತು.

ಆದರೆ 1971ರಲ್ಲಿ ಪಾಕಿಸ್ತಾನಕ್ಕೆ ತಲೆನೋವಾಗಿದ್ದದ್ದು ಬಂಗಾಳ ಕೊಲ್ಲಿ. ಅಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಇತ್ತು, ಪೂರ್ವ ಪಾಕಿಸ್ತಾನವನ್ನು ಸಮುದ್ರದ ಕಡೆಯಿಂದ ಕಟ್ಟಿಹಾಕಬಲ್ಲ ಹಡಗು ಅದು. ಕರಾಚಿಯಿಂದ ಹೊರಟು, ಶ್ರೀಲಂಕಾ ಸುತ್ತಿ, ವಿಕ್ರಾಂತನ್ನು ಹುಡುಕಿ, ಕೆಲಸ ಮುಗಿಸಿ ಮರಳಿ ಬರುವಷ್ಟು ಇಂಧನ ಹೊರುವ ಶಕ್ತಿ ಹೊಸ ಫ್ರೆಂಚ್ ಹಡಗುಗಳಿಗೆ ಇರಲಿಲ್ಲ. ಪೆಸಿಫಿಕ್ ದಾಟಲೆಂದು 1944ರಲ್ಲಿ ಕಟ್ಟಿದ ಗಾಜಿಗಿತ್ತು. ನವೆಂಬರ್ 14ರಂದು ಕಮಾಂಡರ್ ಜಫರ್ ಮುಹಮ್ಮದ್ ಖಾನ್ ನೇತೃತ್ವದಲ್ಲಿ ಅದು ಒಂಟಿಯಾಗಿ ಹೊರಟಿತು. ಆಗ ಅದರ ವಯಸ್ಸು ಇಪ್ಪತ್ತಾರೂವರೆ. ನನ್ನದೂ ಹೆಚ್ಚುಕಡಿಮೆ ಅಷ್ಟೇ. ನನ್ನನ್ನು ಇನ್ನೂ ‘ಹುಡುಗ’ ಎನ್ನುತ್ತಾರೆ, ಅರ್ಜಿ ಹಾಕಲು ಹೋದರೆ ಮಾತ್ರ ವಯೋಮಿತಿ ಮುಗಿಯುತ್ತ ಬಂತು ಎನ್ನುತ್ತಾರೆ. ಜಲಾಂತರ್ಗಾಮಿಗಳ ಲೆಕ್ಕದಲ್ಲಿ ಅದು ಮುದಿ ವಯಸ್ಸು.

ನನ್ನನ್ನು ಹೆಚ್ಚು ಹಿಡಿದದ್ದು ಇದು: ಬೇಟೆಗಾರ ಒಬ್ಬನೇ ಮುದುಕನಲ್ಲ. ಅವನು ಹುಡುಕುತ್ತಿದ್ದ ವಿಕ್ರಾಂತ್ ಬ್ರಿಟನ್ನಿನಲ್ಲಿ ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಯುದ್ಧಕಾಲದಲ್ಲಿ ಶುರುವಾಗಿ, 1945ರ ಸೆಪ್ಟೆಂಬರಿನಲ್ಲಿ, ಅಂದರೆ ಯುದ್ಧ ಮುಗಿದ ಮೇಲೆ ನೀರಿಗಿಳಿದು, ಅರ್ಧಕ್ಕೇ ನಿಂತಿದ್ದ ಹಡಗು. 1957ರಲ್ಲಿ ಭಾರತ ಕೊಂಡು, ಪೂರ್ತಿ ಮಾಡಿಸಿ, 1961ರಲ್ಲಿ ಸೇವೆಗೆ ತಂದಿತು. 1971ರ ಹೊತ್ತಿಗೆ ಅದರ ಬಾಯ್ಲರ್ ಒಂದರಲ್ಲಿ ಬಿರುಕು ಬಿಟ್ಟು ಪೂರ್ಣ ವೇಗದಲ್ಲಿ ಓಡುವ ಹಾಗಿರಲಿಲ್ಲ. ಇನ್ನು ರಜಪೂತ್? ಅದು 1942ರ ಬ್ರಿಟಿಷ್ ಡೆಸ್ಟ್ರಾಯರ್ ‘ರಾದರ್‌ಹ್ಯಾಮ್’. 1945ರಲ್ಲಿ ಸಿಂಗಪುರದ ನೌಕಾನೆಲೆಯಲ್ಲಿ ಜಪಾನೀಯರು ಶರಣಾದಾಗ ಅಲ್ಲಿತ್ತು, 1949ರಲ್ಲಿ ನಮಗೆ ಬಂತು. ಅಮೆರಿಕ ಕಟ್ಟಿದ್ದು ಒಂದು, ಬ್ರಿಟನ್ ಕಟ್ಟಿದ್ದು ಎರಡು. ಜರ್ಮನಿ–ಜಪಾನ್ ವಿರುದ್ಧ ಒಂದೇ ಪಾಳಯದಲ್ಲಿ ನಿಲ್ಲಬೇಕಿದ್ದ ಮೂರು ಹಡಗುಗಳು, ಹೆಸರು ಬದಲಿಸಿಕೊಂಡು, ಒಂದನ್ನೊಂದು ಕೊಲ್ಲಲು ಬಂಗಾಳ ಕೊಲ್ಲಿಯಲ್ಲಿ ಸೇರಿದ್ದವು. ನಮ್ಮ ಯಾವ ಗೈಡಿನಲ್ಲೂ ಈ ಸಾಲು ಇಲ್ಲ.

ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತನ್ನು ಸದ್ದಿಲ್ಲದೆ ಅಂಡಮಾನಿನ ಕಡೆಗೆ ಕಳಿಸಿ, ಅದು ವಿಶಾಖಪಟ್ಟಣದ ಬಳಿಯೇ ಇದೆ ಎಂಬ ಭ್ರಮೆ ಹುಟ್ಟಿಸಿದರು. ಅವರ ‘ಎ ಸೇಲರ್ಸ್ ಸ್ಟೋರಿ’ ಆತ್ಮಕಥೆಯಲ್ಲಿ ಈ ಭಾಗ ಪತ್ತೇದಾರಿ ಕಾದಂಬರಿಯ ಹಾಗಿದೆ. ಹಡಗುಗಟ್ಟಲೆ ಜನರಿಗೆ ಸಾಲುವಷ್ಟು ರೇಷನ್, ತರಕಾರಿಗೆ ಊರಿನ ಗುತ್ತಿಗೆದಾರರಿಗೆ ಆರ್ಡರ್ ಕೊಡಲಾಯಿತು, ಸುದ್ದಿ ಹಬ್ಬಲಿ ಎಂದೇ. ರಜಪೂತ್ ತಾನೇ ವಿಕ್ರಾಂತ್ ಎಂಬಂತೆ ವೈರ್‌ಲೆಸ್ ಸಂದೇಶಗಳನ್ನು ಕಳಿಸುತ್ತಿತ್ತು. ವಿಕ್ರಾಂತಿನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಆರೋಗ್ಯ ವಿಚಾರಿಸುವ ಖಾಸಗಿ ತಂತಿಯನ್ನು, ಗುಟ್ಟಿಲ್ಲದ ಭಾಷೆಯಲ್ಲಿ, ಶತ್ರು ಕೇಳಲಿ ಎಂದೇ ಬಿಡಲಾಯಿತು. ಇಲ್ಲದ ಕಾಯಿಲೆಯ ಆ ತಾಯಿಯ ತಂತಿಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದವು. ಅಂದು ರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ರಜಪೂತ್ ವಿಶಾಖಪಟ್ಟಣ ಬಂದರಿನಿಂದ ಹೊರಟಿತು. ಬಂದರು ದಾಟಿದ ಮೇಲೆ ನೀರಿನಲ್ಲಿ ಅನುಮಾನಾಸ್ಪದ ಕಲಕು ಕಂಡಿತೆಂದು ಅದರ ಮೇಲೆ ಎರಡು ಡೆಪ್ತ್ ಚಾರ್ಜ್ ಹಾಕಿತು. ಇವು ನೀರಿನೊಳಗೆ ಗೊತ್ತಾದ ಆಳಕ್ಕೆ ಇಳಿದು ಸಿಡಿಯುವ ಸ್ಫೋಟಕಗಳು. ಮಧ್ಯರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ಭಾರೀ ಸ್ಫೋಟವಾಗಿ ದಡದ ಮನೆಗಳ ಕಿಟಕಿಗಳು ಅದುರಿದವು. ಬೆಳಗ್ಗೆ ಮೀನುಗಾರರಿಗೆ ತೇಲುವ ಅವಶೇಷ ಸಿಕ್ಕವು. ಗಾಜಿಯಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಅದೇ ದಿನ ವಿಕ್ರಾಂತಿನ ವಿಮಾನಗಳು ದೂರದ ಕಾಕ್ಸ್ ಬಜಾರಿನ ಮೇಲೆ ದಾಳಿ ಮಾಡುತ್ತಿದ್ದವು.

ಇಷ್ಟರವರೆಗೆ ದೊಡ್ಡ ತಕರಾರಿಲ್ಲ. ಸ್ಫೋಟಕ್ಕೆ ಕಾರಣವೇನು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ರಜಪೂತಿನ ಡೆಪ್ತ್ ಚಾರ್ಜೇ ಕಾರಣ ಎಂಬುದು ನಮ್ಮ ನೌಕಾಪಡೆಯ ನಿಲುವು, ಇಂದರ್ ಸಿಂಗ್ ಅವರಿಗೆ ವೀರ ಚಕ್ರ ಬಂತು. ಗಾಜಿಗೆ ವಿಶಾಖಪಟ್ಟಣದ ಬಾಗಿಲಲ್ಲಿ ಮೈನ್‌ಗಳನ್ನು ಹುದುಗಿಸುವ ಕೆಲಸವೂ ಇತ್ತು. ಅದು ಹಾಕಿದ ಮೈನೋ, ಒಳಗಿದ್ದ ಮೈನೋ ಸಿಡಿದು ಅಪಘಾತವಾಯಿತು ಎಂಬುದು ಪಾಕಿಸ್ತಾನದ ನಿಲುವು. ಬ್ಯಾಟರಿಯ ಹೈಡ್ರೋಜನ್ ಹೊತ್ತಿಕೊಂಡಿರಬಹುದು ಎನ್ನುವವರೂ ಇದ್ದಾರೆ. ಡೆಪ್ತ್ ಚಾರ್ಜಿನ ಆಘಾತವೇ ಒಳಗಿನ ಸ್ಫೋಟಕಗಳನ್ನು ಕೆರಳಿಸಿತು ಎಂದು ಎರಡನ್ನೂ ಕೂಡಿಸುವ ಮಾತೂ ಇದೆ. ಹಾಗಂತ ಇದು ಬರೀ ಎರಡು ದೇಶಗಳ ಜಗಳವೆಂದು ತಿಳಿಯಬೇಡಿ. ಆ ಯುದ್ಧದಲ್ಲಿ ಭೂಸೇನೆಯ ಪೂರ್ವ ಕಮಾಂಡಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜೆ.ಎಫ್.ಆರ್. ಜೇಕಬ್ ಅವರೇ, ಅದು ಅಪಘಾತದಲ್ಲಿ ಮುಳುಗಿತು ಎಂದು ಮುಂದೆ ಬಹಿರಂಗವಾಗಿ ಬರೆದರು. ವೈಸ್ ಅಡ್ಮಿರಲ್ ಹಿರಾನಂದಾನಿ ಅವರ ನೌಕಾಪಡೆಯ ಇತಿಹಾಸ ಪುಸ್ತಕ ಪಾಕಿಸ್ತಾನದ ಕಡೆಯ ಬರಹಗಳನ್ನೂ ಎದುರಿಗಿಟ್ಟುಕೊಳ್ಳುತ್ತದೆ. ನಮ್ಮದೇ ಸೇನಾಧಿಕಾರಿಗಳಲ್ಲಿ ಒಮ್ಮತವಿಲ್ಲದ ವಿಷಯಕ್ಕೆ ನಾವು 45 ಸೆಕೆಂಡಿನಲ್ಲಿ ವೃತ್ತ ತುಂಬುತ್ತೇವೆ!

ಗೆಳೆಯ ಹೇಳಿದ 2017ರ ‘ದಿ ಗಾಜಿ ಅಟ್ಯಾಕ್’ ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತದ ಜಲಾಂತರ್ಗಾಮಿಯೊಂದು ಗಾಜಿಯೊಡನೆ ಕಾದಾಡಿ ಅದನ್ನು ಹೊಡೆದುರುಳಿಸಿದಂತೆ ತೋರಿಸಿತು. ಸಿನಿಮಾ ನನಗೂ ಇಷ್ಟವಾಯಿತು. ಆದರೆ ಅಂಥ ಕಾಳಗ ನಡೆಯಲೇ ಇಲ್ಲ. ಅದು ಕಥೆ ಎಂದು ಶುರುವಿನಲ್ಲೇ ತೋರಿಸುವ ಸೂಚನೆಯನ್ನು ಪಾಪ್‌ಕಾರ್ನ್ ತಿನ್ನುತ್ತ ಯಾರು ಓದುತ್ತಾರೆ?

ಇದನ್ನೆಲ್ಲ ರೂಮಿನಲ್ಲಿ ಹೇಳಿದಾಗ ಗದಗಿನ ಗೆಳೆಯನಿಗೆ ಸಿಟ್ಟು ಬಂತು. ‘ಅಂದ್ರ ನಮ್ಮವರು ಏನೂ ಮಾಡಲಿಲ್ಲ ಅಂತೀಯೇನು?’ ಎಂದ. ಅವನ ಅಣ್ಣ ಸೇನೆಯಲ್ಲಿದ್ದಾನೆ, ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಹಾಗೆ ಹೇಳುತ್ತಿಲ್ಲ. ಗಾಜಿ ಸ್ಫೋಟಗೊಂಡದ್ದು ಹೇಗೇ ಇರಲಿ, ಅದು ವಿಕ್ರಾಂತ್ ಇಲ್ಲದ ಜಾಗಕ್ಕೆ ಬಂದು ಕಾದು ಕುಳಿತದ್ದು ಕೃಷ್ಣನ್ ಹೂಡಿದ ಆಟದೊಂದಿಗೆ ಹೊಂದುತ್ತದೆ. ಬಿರುಕು ಬಿಟ್ಟ ಬಾಯ್ಲರಿನ ವಿಕ್ರಾಂತ್ ಒಂದು ಗಾಯವಿಲ್ಲದೆ ತನ್ನ ಕೆಲಸ ಮುಗಿಸಿತು. ನಡುರಾತ್ರಿ, ನೀರಿನೊಳಗೆ ಏನಿದೆಯೋ ತಿಳಿಯದೆ, 29 ವರ್ಷದ ಹಡಗನ್ನು ಹೊರಗೆ ಒಯ್ದವರ ಧೈರ್ಯಕ್ಕೆ ಡೆಪ್ತ್ ಚಾರ್ಜಿನ ಲೆಕ್ಕ ಬೇಕಿಲ್ಲ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಖಚಿತವಾದ ಈ ಸಂಗತಿಗಳನ್ನು ಬದಿಗಿಟ್ಟು, ಖಚಿತವಲ್ಲದ ಒಂದನ್ನೇ ಹಿಡಿದು ಪ್ರಶ್ನೆ ಮಾಡುತ್ತೇವಲ್ಲ, ನನ್ನ ತಕರಾರು ಅದಕ್ಕೆ.

ಗಾಜಿ ಮುಳುಗಿದ್ದನ್ನು ಭಾರತ ಪ್ರಕಟಿಸಿದ್ದು ಡಿಸೆಂಬರ್ 9ರಂದು. ಅದೇ ರಾತ್ರಿ ಪಶ್ಚಿಮದಲ್ಲಿ, ದಿಯು ಬಳಿ, ಪಾಕಿಸ್ತಾನದ ಹೊಸ ಫ್ರೆಂಚ್ ಜಲಾಂತರ್ಗಾಮಿಗಳಲ್ಲೊಂದಾದ ‘ಹಂಗೋರ್’ ನಮ್ಮ ಖುಕ್ರಿಯನ್ನು ಟಾರ್ಪಿಡೊ ಹೊಡೆದು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಸತ್ತರು. ಸಿ ಆಯ್ಕೆಯಲ್ಲಿ ಸುಮ್ಮನೆ ದಾರಿ ತಪ್ಪಿಸಲು ಇಟ್ಟಿದ್ದ ಹೆಸರು ಇದು. ಅದನ್ನು ಗೆರೆ ಹೊಡೆದು ಮುಂದೆ ಹೋಗಿದ್ದೆ.

ಒಂದು ಅನುಮಾನ ನಿಮಗೂ ಬಂದಿರಬಹುದು: ಸೆಕೆಂಡ್ ಹ್ಯಾಂಡ್ ಹಡಗು, ಅದಕ್ಕೇ ಸಿಡಿಯಿತು ಎಂದು ಷರಾ ಬರೆದರೆ ಆಯಿತಲ್ಲ? ನಾನೂ ಮೊದಲು ಹಾಗೇ ಎಂದುಕೊಂಡೆ. ಆಮೇಲೆ ‘ಕಟ್ಲಾಸ್’ ಕತೆ ಸಿಕ್ಕಿತು. ಡಯಾಬ್ಲೊ ಕಟ್ಟಿದ ಅದೇ ಪೋರ್ಟ್ಸ್‌ಮತ್ ಕಾರ್ಖಾನೆಯಲ್ಲಿ ಕಟ್ಟಿದ್ದು, ಅದಕ್ಕಿಂತ ಕೇವಲ 14 ದಿನ ಮೊದಲು, 1945ರ ಮಾರ್ಚ್ 17ರಂದು ಸೇವೆಗೆ ಸೇರಿದ್ದು. ಒಡಹುಟ್ಟು ಎಂದೇ ಹೇಳಬೇಕು. 1973ರಲ್ಲಿ ತೈವಾನಿಗೆ ಹೋಗಿ ‘ಹೈ ಷಿಹ್’ ಆಯಿತು, ಎಂಬತ್ತರ ಆಸುಪಾಸಿನಲ್ಲೂ ಆ ನೌಕಾಪಡೆಯ ಪಟ್ಟಿಯಲ್ಲಿ ಉಳಿದು ಜಗತ್ತಿನ ಅತಿ ಹಳೆಯ ಜಲಾಂತರ್ಗಾಮಿ ಎನಿಸಿಕೊಂಡಿತು. ಇನ್ನೊಂದು, ‘ರೇಜರ್‌ಬ್ಯಾಕ್’, ಟೋಕಿಯೊ ಕೊಲ್ಲಿಯಲ್ಲಿ ಜಪಾನ್ ಶರಣಾಗುವುದನ್ನು ನೋಡಿ, ಟರ್ಕಿಯಲ್ಲಿ 2001ರವರೆಗೆ ದುಡಿದು, ಈಗ ಅಮೆರಿಕದ ಆರ್ಕನ್ಸಾದಲ್ಲಿ ಮ್ಯೂಸಿಯಂ ಆಗಿದೆ. ಅದೇ ಟರ್ಕಿಗೆ ಹೋದ ‘ಬ್ಲೋವರ್’ ಅಲ್ಲಿ ‘ದುಮ್ಲುಪಿನಾರ್’ ಆಗಿ, 1953ರ ಏಪ್ರಿಲಿನಲ್ಲಿ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಸ್ವೀಡನ್ನಿನ ಸರಕು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹಿಂಭಾಗದ ಕೋಣೆಯಲ್ಲಿ ಸಿಕ್ಕಿಬಿದ್ದ 22 ನಾವಿಕರು ಮೇಲೆ ತೇಲಿಬಿಟ್ಟ ಟೆಲಿಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದರು. ಮೇಲೆತ್ತಲು ಆಗಲಿಲ್ಲ. ಒಟ್ಟು 81 ಮಂದಿ ಸತ್ತರು. ಕುರ್ಸುರದ ದುಂಡು ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ನನ್ನ ಕಾಲು ಇದನ್ನು ಓದುವಾಗ ನೆನಪಾಯಿತು. ಅದು ಅಮೆರಿಕ ಬಿಟ್ಟು ಆಗ ಮೂರು ವರ್ಷವೂ ಆಗಿರಲಿಲ್ಲ. ಹಾಗಾಗಿ ವಯಸ್ಸನ್ನು ದೂರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ.

ಬಹುಆಯ್ಕೆ ಪ್ರಶ್ನೆಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಲಕ್ಷಾಂತರ ಅಭ್ಯರ್ಥಿಗಳ ಪ್ರಬಂಧ ಓದಿ ಅಂಕ ಕೊಡಲು ಯಾರಿಂದಲೂ ಆಗದು. ಆದರೆ ಪ್ರಶ್ನೆ ತೆಗೆಯುವವರು, ಗೈಡ್ ಬರೆಯುವವರು ಒಂದು ಕೆಲಸ ಮಾಡಬಹುದು. ‘ಗಾಜಿಯ ಮೂಲ ಹೆಸರೇನು?’ ಎಂದು ಕೇಳಬಹುದು. ‘ಬಂಗಾಳ ಕೊಲ್ಲಿಗೆ ಪಾಕಿಸ್ತಾನ ಗಾಜಿಯನ್ನೇ ಕಳಿಸಲು ಕಾರಣವೇನು?’ ಎಂದು ಕೇಳಬಹುದು. ಇವುಗಳಿಗೆ ಉತ್ತರ ಒಂದೇ, ಯಾರೂ ತಕರಾರು ತೆಗೆಯುವುದಿಲ್ಲ, ತಯಾರಿ ಮಾಡುವವನಿಗೂ ಏನೋ ತಿಳಿದಂತಾಗುತ್ತದೆ. ತಕರಾರಿರುವ ಪ್ರಶ್ನೆಯನ್ನೇ ಕೇಳುವ ಆಸೆಯಿದ್ದರೆ ‘ಭಾರತೀಯ ನೌಕಾಪಡೆಯ ಪ್ರಕಾರ’ ಎಂಬ ಮೂರು ಪದ ಸೇರಿಸಲು ಎಷ್ಟು ಶಾಯಿ ಬೇಕು? ನಾಳೆ ನಮ್ಮಲ್ಲೇ ಕೆಲವರು ಪಿಡಿಒ, ಪಿಎಸ್‌ಐ, ಎಫ್‌ಡಿಎ ಆಗುತ್ತಾರೆ. ಎದುರಿಗೆ ಇಬ್ಬರು ನಿಂತು ಎರಡು ಹೇಳಿಕೆ ಕೊಡುತ್ತಾರೆ. ಯಾರು ನೋಡಿದ್ದು, ಯಾರು ಕೇಳಿದ್ದು, ಯಾರಿಗೆ ಲಾಭ ಎಂದು ತೂಗಿ ನೋಡುವ ಅಭ್ಯಾಸ ಆಗ ಎಲ್ಲಿಂದ ಬರಬೇಕು? ಐದಾರು ವರ್ಷ ಬರೀ ಕೀ ಉತ್ತರ ಬಾಯಿಪಾಠ ಮಾಡಿ ಆ ಕುರ್ಚಿಗೆ ಹೋಗುವವರು ನಾವು.

ಇದನ್ನು ಸರ್‌ಗೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ‘ಮುಂದಿನ ಸಲ ಆ ಮೂರು ಪದ ಹಾಕಿಸ್ತೇನಿ’ ಎಂದರು. ಹಾಕಿಸುತ್ತಾರೋ ನೋಡಬೇಕು. ರೂಮಿನಲ್ಲಂತೂ ಒಂದು ಹೊಸ ಚಟ ಹತ್ತಿದೆ. ಭಾನುವಾರದ ಪರೀಕ್ಷೆಯ ಕೀ ಬಂದ ಮೇಲೆ ಯಾವುದಾದರೂ ಒಂದು ಉತ್ತರ ಹಿಡಿದು ಅದು ಎಲ್ಲಿಂದ ಬಂತು ಎಂದು ಹುಡುಕುತ್ತೇವೆ. ಕಳೆದ ವಾರ ಗದಗಿನ ಗೆಳೆಯ ಖುಕ್ರಿಯನ್ನು ಆರಿಸಿಕೊಂಡಿದ್ದ. ರಾತ್ರಿ ಹನ್ನೊಂದಾದರೂ ಅವನ ಲೈಟ್ ಆರಿರಲಿಲ್ಲ.